ಮಲಗುವ ಮಾತು

ಪ್ರಾಣವನ್ನು ಮೈಯ ಹೊರಗೆ, ಒಂದು ಗಿಳಿಯೊಳಗೆ ಇಟ್ಟಿದ್ದ ರಾಕ್ಷಸನೊಬ್ಬ ಒಂದಾನೊಂದು ಕಾಲದಲ್ಲಿ ಇದ್ದನಂತೆ. ಅಜ್ಜಿ ಹೇಳುತ್ತಿದ್ದ ಆ ಕಥೆ, ತನ್ನವರಿಗಾಗಿ ಕಾಯುತ್ತಿದ್ದ ಹುಡುಗಿಯೊಬ್ಬಳಿಗೆ ನೆನಪಾದದ್ದು ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನಲ್ಲಿ, ಪಕ್ಕದಲ್ಲಿದ್ದ ಅಕ್ಕ-ತಮ್ಮನ ಜಗಳ ಕಿವಿಗೆ ಬಿದ್ದಾಗ. ಅಕ್ಕ ಗಾಲಿಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಳು. ಒಂದೊಂದು ಉಸಿರಿಗೂ ಗಂಟಲು ಸೀಟಿ ಹೊಡೆಯುತ್ತಿತ್ತು. ತಮ್ಮ ಕುರ್ಚಿಯ ಹಿಡಿಕೆ ಬಿಡದೆ ನಿಂತಿದ್ದ.

“ಮನೆಗೆ ಹೋಗೋಣ ಬಾರಕ್ಕ. ಮೈಯಲ್ಲಿರೋ ರಕ್ತಾನ ಮೆಷಿನ್ನಿಗೆ ಹರಿಸ್ತಾರಂತೆ!”

“ಹೋಗಿ, ಉಸಿರು ತುಂಬ್ಕೊಂಡು, ವಾಪಸ್ ಬರುತ್ತೆ ಕಣೋ. ನಿನ್ನ ಹಾಗೆ ಹೋದಲ್ಲೇ ಹರಟೆ ಹೊಡೀತಾ ಕೂರಲ್ಲ.”

“ತಮಾಷೆ ಬೇಡ. ಮೊನ್ನೆ ಮಲಗಿದ ಕೂಡಲೇ ಉಸಿರು ಕಟ್ಟಿತ್ತು.”

“ಅದಕ್ಕೇ ಕೂತಿರುವಾಗಲೇ ಮೆಷಿನ್ ಹಚ್ತಾರೆ. ಮಲಗಿಸೋದು, ಶ್ವಾಸನಾಳದ ಗಡ್ಡೆ ತೆಗೆಯೋದು, ಎಲ್ಲ ಆಮೇಲೆ.”

“ಏನಾದ್ರೂ ಆದ್ರೆ?”

“ಈ ಗಡ್ಡೆ ಮಾತು ಕೇಳ್ಕೊಂಡು ಕುರ್ಚೀಲೇ ನಿದ್ದೆ ಮಾಡಿ ಸಾಕಾಗಿದೆ. ಇವತ್ತು ನಾನು ಕಾಲು ಚಾಚಿ ಮಲಗೋಳೇ.”

“ಹಾಗಾದ್ರೆ ನೀನು ಮಲಗೋವರೆಗೂ ನಾನೂ ಕೂರಲ್ಲ.”

“ನಿಂತ್ಕೋ, ಯಾರು ಬೇಡ ಅಂದ್ರು? ಮಲಗಿದ ಕೂಡಲೇ ಹೇಳಿ ಕಳಿಸ್ತೀನಿ. ಮಾತು ಕೊಟ್ಟೆ. ಈಗ ಕುರ್ಚಿ ಬಿಡು.”

ಅವನು ಬಿಟ್ಟ. ಬಾಗಿಲು ಮುಚ್ಚಿತು. ಹುಡುಗಿ ಬೆಂಚಿನಲ್ಲಿ ಜಾಗ ತೋರಿಸಿದರೂ ಅವನು ಕೂರಲಿಲ್ಲ. ಬಹಳ ಹೊತ್ತಿನ ಮೇಲೆ ನರ್ಸ್ ಬಾಗಿಲಿನಿಂದ ತಲೆ ಹೊರಹಾಕಿದಳು.

“ಮೆಷಿನ್ ಚೆನ್ನಾಗಿ ನಡೀತಿದೆ. ನಿಮ್ಮಕ್ಕ ಕಾಲು ಚಾಚಿ ಮಲಗಿದ್ದಾರೆ. ಆ ಮೊಂಡನಿಗೆ ಇನ್ನಾದ್ರೂ ಕೂರೋಕೆ ಹೇಳಿ ಅಂದ್ರು.”

ಹುಡುಗಿ ತನ್ನ ಚೀಲ ಸರಿಸಿದಳು. ಅವನು ಕುಳಿತ.