ನಿಮ್ದಾ ಗಾಡಿ?

ತನ್ನದಲ್ಲದ್ದನ್ನು ‘ನಂದು’ ಅನ್ನಬಾರದು. ನಿಯಮ ಇಷ್ಟೇ. ಮಾತು ಕಲಿಯುವ ಮಗುವಿಗೂ ಹೇಳಿಕೊಡುವಂಥದ್ದು. ಆದರೂ ಈ ಸಂಗತಿಯಲ್ಲಿ ಬರುವವರೆಲ್ಲ ಅದನ್ನು ಮುರಿದರು... ಒಬ್ಬರನ್ನು ಬಿಟ್ಟು. ಕತೆ ಅಲ್ಲ, ಸಂಗತಿ. ಹಿಂದಿನ ಬೀದಿಯ ಬೀಗದವನಿಗೆ ಆದದ್ದು. ಅವನು ಇನ್ನೂ ಇದ್ದಾನೆ. ಬೇಕಾದವರು ಅವನ ಅಂಗೈ ನೋಡಬಹುದು.

ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿ ಅವನದು. ಒಂದು ಸ್ಟೂಲು, ಒಂದು ಕೀ ಕೊರೆಯುವ ಮೆಷಿನ್ನು, ಗೋಡೆ ತುಂಬ ಮೊಳೆಗೆ ನೇತುಹಾಕಿದ ಹಲ್ಲಿಲ್ಲದ ಕೀಗಳು. ಆ ದಿನ ಅಂಗಡಿ ಮುಚ್ಚಿ ನಡೆದುಕೊಂಡು ಮನೆಗೆ ಹೊರಟಾಗ ಕತ್ತಲಾಗಿತ್ತು. ದಾರಿಯಲ್ಲಿ ಹಳೆಯ ಬಾವಿ. ಅದರ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಸದ್ದು ಕೇಳಿಸಿತು. ಡುಗ್... ಡುಗ್... ಡುಗ್... ಅವಸರವೇ ಇಲ್ಲದ, ಹೊಟ್ಟೆ ತುಂಬಿದವನ ನಡಿಗೆಯಂಥ ಸದ್ದು.

ಷಡ್ಡಕ. ಊರಿಗೆಲ್ಲ ಅವನು ‘ಕನ್ನಡಕದವ’. ಕನ್ನಡಕದ ಅಂಗಡಿ ಇಟ್ಟವನು. ಅಕ್ಕನನ್ನು ಅವನು, ತಂಗಿಯನ್ನು ಇವನು ಮದುವೆಯಾಗಿ, ಒಂದೇ ಗೋಡೆಯ ಆಚೆ ಈಚೆ ಎರಡು ಮನೆ ಹೂಡಿದ್ದರು.

ಕನ್ನಡಕದವ ಕೂತಿದ್ದ ಗಾಡಿ ಅಂತಿಂಥದ್ದಲ್ಲ. ಉದ್ದಕ್ಕೆ ಮಲಗಿದ ಹಾಗಿರುವ ದೊಡ್ಡ ಕ್ರೂಸರ್. ಕಾಲು ಮುಂದಕ್ಕೆ ಚಾಚಿ, ಕೈ ಅಗಲಿಸಿ, ಸೋಫಾದಲ್ಲಿ ಕೂತ ಹಾಗೆ ಕೂರಬೇಕು. ಗುಡಾಣದಂಥ ಟ್ಯಾಂಕು. ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ಹೊಳೆಯುವ ಎರಡು ಸೈಲೆನ್ಸರು. ಹಿಂದಿನ ಸೀಟು ಖಾಲಿ. ‘ಬಾ ತಮ್ಮಾ, ಹತ್ತು’ ಅನ್ನಲಿಲ್ಲ. ಕೈ ಎತ್ತಿ, ಧೂಳೆಬ್ಬಿಸಿ ಹೋದ.

ಬೀಗದವ ಆ ಧೂಳಿನಲ್ಲೇ ಮನೆ ಸೇರಿದ.

“ಬಂದ್ರಾ?” ಅಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

“ನಿಮ್ಮ ಭಾವ ಬಂದ್ರಲ್ಲ, ಮೆರವಣಿಗೇಲಿ.”

“ಬಂದ್ರು. ತಟ್ಟೆಗಳೆಲ್ಲ ಹೇಳಿದ್ವು.” ಪಕ್ಕದ ಮನೆಯಲ್ಲಿ ಗಾಡಿ ನಿಂತಾಗ ಈ ಮನೆಯ ಗೂಡಿನಲ್ಲಿದ್ದ ತಟ್ಟೆಗಳು ಗಣಗಣ ಅನ್ನುತ್ತಿದ್ದವು.

ಅವಳ ಸ್ವಭಾವ ಒಂದು ಹೇಳಬೇಕು. ಮದುವೆಮನೆಯಲ್ಲಿ ಯಾರಾದರೂ “ಸರ ಚೆನ್ನಾಗಿದೆ ಕಣೇ” ಅಂದರೆ ಸಾಕು, “ನಂದಲ್ಲ, ಅಕ್ಕಂದು. ನಾಳೆ ವಾಪಸ್ ಕೊಡ್ಬೇಕು” ಅಂದುಬಿಡುವಳು. ಅದೂ ನಾಲ್ಕು ಜನಕ್ಕೆ ಕೇಳುವ ಹಾಗೆ. ಗಂಡನಿಗೆ ಮುಖ ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. “ಸುಮ್ನೆ ಹೂಂ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?” ಅಂತ ಎಷ್ಟೋ ಸಲ ಬೈದಿದ್ದ.

ಗಾಡಿಯ ಪೂರ್ವೋತ್ತರ ಎಲ್ಲರಿಗೂ ಗೊತ್ತಿತ್ತು. ಅದು ಪಂಪಿನವನದು. ಪಂಪು ರಿಪೇರಿ ಮಾಡಿಕೊಂಡಿದ್ದವನು, ಒಂಬತ್ತು ವರ್ಷ ಒಂದೊಂದೇ ಭಾಗ ಹುಡುಕಿ ತಂದು ತನ್ನ ಕೈಯಾರೆ ಜೋಡಿಸಿದ್ದ. ಮೊದಲನೇ ದಿನ ಹೊರಗೆ ತೆಗೆದಾಗಲೇ ಅದು ದಾರಿಯಲ್ಲಿ ನಿಂತಿತು. ಬಿಟ್ಟುಬರಲು ಮನಸ್ಸಾಗದೆ ಒಬ್ಬನೇ ತಳ್ಳಿಕೊಂಡು ಬಂದ. ಅಷ್ಟು ಭಾರದ ಗಾಡಿ. ಬಾವಿಯ ಹತ್ತಿರ ಸ್ಟ್ಯಾಂಡ್ ಹಾಕಿ, ಸುಧಾರಿಸಿಕೊಳ್ಳಲು ಕಟ್ಟೆಯ ಮೇಲೆ ಕೂತ. ಏಳಲಿಲ್ಲ.

“ಇದನ್ನ ಯಾರಿಗೂ ಕೊಡ್ಬೇಡ” ಅಂತ ತಮ್ಮನಿಗೆ ಎಷ್ಟೋ ಸಲ ಹೇಳಿದ್ದನಂತೆ. ತಮ್ಮ “ಗಾಡಿ ಈಗ ನಂದೇ” ಅಂತ ಹೇಳಿ ಮಾರಿದ. ಕನ್ನಡಕದವನಿಗೆ ಈ ಮಾತು ಗೊತ್ತಿತ್ತು. ಗೊತ್ತಿದ್ದೂ ಕೊಂಡ. ಯಾರೋ ಆಡಿ ತೋರಿಸಿದಾಗ ನಕ್ಕಿದ್ದ: “ಸತ್ತೋನೇನು ಬಂದು ಕೇಳ್ತಾನಾ?”

ಒಂದು ಭಾನುವಾರ ಬೀಗದವ ಸೀಟಿನ ಮೇಲೆ ಕೈ ಇಡಹೋದ.

“ಕೈ ಒರೆಸ್ಕೊಂಡು ಮುಟ್ಟು ತಮ್ಮಾ.”

ಅಷ್ಟೇ ಅಂದದ್ದು. ನಗುತ್ತಲೇ ಅಂದದ್ದು. ಆದರೆ ಹತ್ತಿರದಲ್ಲಿ ಹಾಲಿನವನಿದ್ದ, ಹಾಲಿನವನೂ ನಕ್ಕ. ಆ ರಾತ್ರಿ ಬೀಗದವ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. ಕೀ ಕೊರೆದೂ ಕೊರೆದೂ ಉಗುರಿನ ಸಂದಿ ಕಪ್ಪಾಗಿದ್ದ ತನ್ನ ಕೈಯನ್ನು ದೀಪದ ಬೆಳಕಿನಲ್ಲಿ ತಿರುವಿ ತಿರುವಿ ನೋಡಿಕೊಂಡ.

ಆಮೇಲೆ ಒಂದು ಬದಲಾವಣೆ ಆಯಿತು. ಕನ್ನಡಕದವ ಕತ್ತಲಾದ ಮೇಲೆ ಗಾಡಿ ತೆಗೆಯುವುದನ್ನೇ ಬಿಟ್ಟ. ಅಂಗೈಗೆ ಬ್ಯಾಂಡೇಜು ಸುತ್ತಿಕೊಂಡ. ಒಂದು ಬೆಳಿಗ್ಗೆ ಬೀಗದವನ ಅಂಗಡಿಗೇ ಬಂದು, ದನಿ ತಗ್ಗಿಸಿ ಹೇಳಿದ.

“ಗಾಡಿ ಕೀ ಬೇರೆ ಮಾಡ್ಬೇಕಲ್ಲಪ್ಪ.”

“ಹಳೇದು?”

“ಬಾವೀಲಿ ಬಿತ್ತು.”

“ಅಲ್ಯಾಕೆ ನಿಲ್ಲಿಸಿದ್ರಿ ಅಣ್ಣಾ?”

ಕನ್ನಡಕದವ ಅಂಗೈಯ ಬ್ಯಾಂಡೇಜು ಸರಿಮಾಡಿಕೊಂಡ. “ನಿಲ್ಲಿಸ್ಲಿಲ್ಲ... ನಿಂತ್ಕೊಳ್ತು.”

ಹಳೆಯ ಕೀ ಇಲ್ಲದೆ ಬೀಗದಿಂದಲೇ ಹೊಸ ಕೀ ತೆಗೆಯುವುದು ತಾಳ್ಮೆಯ ಕೆಲಸ. ಹಲ್ಲಿಲ್ಲದ ಕೀಯನ್ನು ಬೀಗದೊಳಗೆ ತೂರಿಸಿ ತಿರುವಬೇಕು. ಒಳಗಿನ ಗುರುತು ಅದರ ಮೇಲೆ ಬೀಳುತ್ತದೆ. ಗುರುತು ಬಿದ್ದಲ್ಲಿ ಅರದಿಂದ ಉಜ್ಜಬೇಕು. ಒಂದು ಮಧ್ಯಾಹ್ನ ಪೂರ್ತಿ ಅವನು ಗಾಡಿಯ ಪಕ್ಕದಲ್ಲಿ ಮಂಡಿಯೂರಿ ಕೂತ. ಕನ್ನಡಕದವ ಕುರ್ಚಿ ಹಾಕಿಕೊಂಡು ನೋಡುತ್ತ ಕೂತ. ಕೊನೆಗೆ ಚಳಕ್ ಅಂತ ತಿರುಗಿತು.

“ಅಂಗಡೀಲಿ ಸ್ವಲ್ಪ ನಯ ಮಾಡಿ ಸಂಜೆ ಕೊಡ್ತೀನಿ” ಅಂದ ಬೀಗದವ.

ಸಂಜೆ ಒಂದು ಕೊಟ್ಟ. ಮೆಷಿನ್ನಿನಲ್ಲಿ ಕೊರೆದದ್ದು ಎರಡು. ಎರಡನೆಯದು ಅವನ ಅಂಗಿಯ ಜೇಬಿಗೆ ಇಳಿಯಿತು.

ಅದೇ ವಾರ ಕನ್ನಡಕದವನ ಮಗಳಿಗೆ ಹೆರಿಗೆ ಅಂತ ಗಂಡ ಹೆಂಡತಿ ಇಬ್ಬರೂ ಹತ್ತು ದಿನಕ್ಕೆ ಅವಳ ಊರಿಗೆ ಹೋದರು. ಗಾಡಿ ನಿಲ್ಲಿಸುವ ಶೆಡ್ಡಿಗೆ ಹಾಕಿದ್ದ ಬೀಗ ಇವನಿಗೆ ಒಂದು ಹೇರ್‌ಪಿನ್ನಿನ ಕೆಲಸ.

ಮೊದಲ ರಾತ್ರಿ, ಹೆಂಡತಿ ಮಲಗಿದ ಮೇಲೆ, ಗಾಡಿಯನ್ನು ಬೀದಿಯ ತುದಿಯವರೆಗೆ ಸದ್ದಿಲ್ಲದೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿದ. ಸೀಟಿನ ನಡುಕ ಬೆನ್ನುಹುರಿ ಹಿಡಿದು ಮೇಲೇರಿತು. ಕಾಲು ಚಾಚಿದ. ಕೈ ಅಗಲಿಸಿದ. ಜನ್ಮದಲ್ಲಿ ಮೊದಲ ಸಲ ಯಾರ ಮುಂದೆಯೂ ಮಂಡಿಯೂರದೆ ಕೂತ ಹಾಗಿತ್ತು. ‘ಇದು ನಂಗೇ ಹೇಳಿ ಮಾಡಿಸಿದ್ದು. ಆ ಮೆತ್ತನೆ ಕೈಯವನಿಗೆ ಇದ್ಯಾಕೆ?’ ಅಂದುಕೊಂಡ.

ಬಾವಿಯ ಹತ್ತಿರ ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು.

ಟಿಕ್... ಟಿಕ್... ಆರುತ್ತಿರುವ ಲೋಹದ ಸದ್ದು. ಬೇರೇನೂ ಇಲ್ಲ.

“ಚೆನ್ನಾಗಿದೆ...”

ಕಟ್ಟೆಯ ಮೇಲೆ ಯಾರೋ ಕೂತಿದ್ದ. ಮೊಣಕೈ ಮೊಣಕಾಲ ಮೇಲೆ, ತಲೆ ಕೆಳಗೆ. ದಣಿದವನ ಹಾಗೆ. ಕಾವಲುಗಾರನಿರಬೇಕು ಅಂದುಕೊಂಡ ಬೀಗದವ.

“ನಿಮ್ದಾ ಗಾಡಿ?”

“ಹೂಂ.”

“ಎಷ್ಟು ಕೊಡುತ್ತೆ?”

ದೊಡ್ಡ ಗಾಡಿ ಕಂಡವರೆಲ್ಲ ಕೇಳುವ ಪ್ರಶ್ನೆಯೇ. ಬೀಗದವ ಬಾಯಿಗೆ ಬಂದ ಮೈಲೇಜು ಹೇಳಿದ. ಕೂತವನು ನಿಧಾನಕ್ಕೆ ತಲೆಯಾಡಿಸಿದ. ಆ ರಾತ್ರಿ ಗಾಡಿ ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ತಳ್ಳಿಕೊಂಡು ಬಂದು ಶೆಡ್ಡಿಗೆ ಸೇರಿಸುವಾಗ ಅಂಗಿ ಹಿಂಡುವ ಹಾಗಿತ್ತು.

ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದ. ಇವನು ಮಾರನೇ ರಾತ್ರಿಯೂ ಹೋದ. ಗಾಡಿ ಅಲ್ಲೇ ನಿಂತಿತು. ಅದೇ ಪಿಸುದನಿ: “ನಿಮ್ದಾ?”

“ನಂದೇ.”

ಆ ರಾತ್ರಿ ಗಾಡಿ ಇನ್ನೂ ಭಾರ. ಟೈರಿನಲ್ಲಿ ಗಾಳಿ ಸರಿಯಾಗಿಯೇ ಇತ್ತು. ಎರಡು ಸಲ ಒತ್ತಿ ನೋಡಿದ್ದ.

ಮೂರನೇ ರಾತ್ರಿ ಕೇಳುವ ಮೊದಲೇ ಇವನು ರೇಗಿದ. “ನಂದೇ ಅಂದ್ನಲ್ರೀ! ಎಷ್ಟು ಸಲ ಹೇಳ್ಬೇಕು?”

“ಹಾಗಲ್ಲ...” ಕೂತವನ ದನಿಯಲ್ಲಿ ಎಂಥದೋ ಆಸೆ. “ಒಂದ್ಸಲ... ಕೂತ್ಕೊಳ್ಳಲಾ?”

ಬೀಗದವನಿಗೆ ತಡೆಯಲಾರದಷ್ಟು ಸಂಕಟವಾಯಿತು. ಸಿಕ್ಕಿರುವುದೇ ಹತ್ತು ರಾತ್ರಿ. ಅದರಲ್ಲಿ ಇವನಿಗೂ ಪಾಲು ಬೇಕೆ? ಅವನ ಬಾಯಿಂದ ತಾನಾಗಿ ಮಾತು ಬಂತು.

“ಕೈ ಒರೆಸ್ಕೊಂಡು ಮಾತಾಡಿ.”

ಕಟ್ಟೆಯ ಮೇಲಿದ್ದವನು ತನ್ನ ಎರಡೂ ಕೈಗಳನ್ನು ತೊಡೆಗೆ ಒರೆಸಿಕೊಂಡ. ಸರ್... ಸರ್... ಒಣ ಬಟ್ಟೆಯ ಸದ್ದು. ಆಮೇಲೆ ಅವನು ಕಟ್ಟೆಯ ಮೇಲೆ ಕಾಣಲಿಲ್ಲ. ಗಾಡಿಯ ಹಿಂದಿನ ಸ್ಪ್ರಿಂಗು ‘ಕೀಂಯ್’ ಅಂತ ಕುಸಿಯಿತು. ಯಾರೋ ಹತ್ತಿ ಕೂತಾಗ ಕುಸಿಯುವಷ್ಟು. ಬೀಗದವ ಹಿಂದಿರುಗಿ ನೋಡಲಿಲ್ಲ. ಹ್ಯಾಂಡಲ್ ಹಿಡಿದು ತಳ್ಳಿದ. ಶೆಡ್ಡು ಮುಟ್ಟುವಾಗ ಪೇಪರಿನವನ ಸೈಕಲ್ಲು ಬೀದಿಗೆ ಬಂದಿತ್ತು.

ಬೆಳಿಗ್ಗೆ ತಟ್ಟೆ ಹಿಡಿದ ಅವನ ಕೈಯನ್ನು ಹೆಂಡತಿ ನೋಡಿದಳು. ಅಂಗೈಯ ಅಡ್ಡಕ್ಕೆ ಸಾಲಾಗಿ ಬೊಬ್ಬೆ. ಹ್ಯಾಂಡಲಿನ ಹಿಡಿಕೆಯ ಗೆರೆ ಗೆರೆಯೂ ಅಚ್ಚಾಗಿತ್ತು.

“ಭಾವನ ಕೈಲೂ ಇದೇ ಗಾಯ ಇತ್ತು” ಅಂದಳು. ಒಗೆಯಲು ತೆಗೆದ ಅಂಗಿಯ ಜೇಬಿನಿಂದ ಕೀ ತೆಗೆದು ಅವನ ಮುಂದಿಟ್ಟಳು. “ಇದು ಯಾರದು?”

“ನಂದು.”

“ಯಾವ ಬೀಗದ್ದು?”

ಅವನು ಎದ್ದು ಕೀ ಎತ್ತಿಕೊಂಡು ಅಂಗಡಿಗೆ ಹೊರಟುಹೋದ. ಅವತ್ತು ಮೂರು ಗಿರಾಕಿಗಳ ಕೀ ಕೆಡಿಸಿದ. ಮಧ್ಯಾಹ್ನ ಎದೆ ಹಿಡಿದುಕೊಂಡ ಹಾಗಾಗಿ ಅರ್ಧ ಗಂಟೆ ಗೋಡೆಗೆ ಒರಗಿ ಕೂತ. ಆದರೂ ಸಂಜೆಯಾಗುತ್ತಲೇ ಅವನಿಗೆ ಇದ್ದದ್ದು ಒಂದೇ ಯೋಚನೆ: ‘ಇವತ್ತು ಅವನು ಮೊದಲೇ ಹತ್ತಿ ಕೂತಿದ್ದರೆ? ಗಾಡಿ ಅವನದ್ದೇ ಆಗಿಬಿಟ್ಟರೆ?’

ನಾಲ್ಕನೇ ರಾತ್ರಿ ಹೆಂಡತಿ ನಿದ್ದೆ ಬಂದವಳ ಹಾಗೆ ಮಲಗಿದ್ದಳು. ಅವನು ಎದ್ದ. ಸ್ವಲ್ಪ ಹೊತ್ತಿಗೆ ಅವಳೂ ಎದ್ದು ಚಪ್ಪಲಿ ಮೆಟ್ಟಿದಳು. ಡುಗ್... ಡುಗ್... ದೂರ ಹೋಗಿ, ಕೆಮ್ಮಿ, ನಿಂತದ್ದು ಕೇಳಿಸಿತು. ಆ ಸದ್ದು ನಿಂತ ದಿಕ್ಕಿಗೆ ನಡೆದಳು.

ಬಾವಿಯ ಹತ್ತಿರ ಗಂಡ ಹ್ಯಾಂಡಲಿಗೆ ಜೋತುಬಿದ್ದ ಹಾಗೆ ಬಗ್ಗಿ ಗಾಡಿ ತಳ್ಳುತ್ತಿದ್ದ. ಗಾಡಿ ಒಂದು ಗೇಣೂ ಕದಲುತ್ತಿರಲಿಲ್ಲ. ಅವನ ಚಪ್ಪಲಿ ಮಾತ್ರ ಜಲ್ಲಿಯ ಮೇಲೆ ಕರಕರ ಜಾರುತ್ತಿತ್ತು. ತುಟಿ ನೀಲಿಗಟ್ಟಿತ್ತು.

“ಬಿಡ್ರೀ ಅದನ್ನ!”

“ಬಿಡಕ್ಕೆ... ಬರ್ತಿಲ್ಲ ಕಣೇ.”

ಅವಳು ಅವನ ಬೆರಳು ಬಿಡಿಸಲು ನೋಡಿದಳು. ಒಂದೂ ಸಡಿಲಾಗಲಿಲ್ಲ. ಆಗ, ಬಹಳ ಹತ್ತಿರದಿಂದ, ಖಾಲಿ ಸೀಟಿನ ಎತ್ತರದಿಂದ...

“ನಿಮ್ದೇನಮ್ಮಾ... ಗಾಡಿ?”

ಗಂಡ ಏದುಸಿರಿನಲ್ಲೇ ಪಿಸುಗುಟ್ಟಿದ. “ಹೂಂ ಅನ್ನೇ... ನಮ್ದು ಅಂದ್ಬಿಡು... ಇಲ್ಲಾಂದ್ರೆ ಕಳ್ಳ ಅಂತಾನೆ...”

ಇಲ್ಲಿಗೆ ಬಂದಾಗ ಕೇಳುವವರು ಬಾಯಿ ಹಾಕುತ್ತಾರೆ: ಗಾಡಿ ಏನಾಯಿತು? ಅದನ್ನು ಮೊದಲೇ ಹೇಳಿ ಮುಗಿಸುವುದು ಒಳ್ಳೆಯದು. ಗಾಡಿ ಬೆಳಿಗ್ಗೆ ಅಲ್ಲಿರಲಿಲ್ಲ. ಶೆಡ್ಡಿನಲ್ಲೂ ಇರಲಿಲ್ಲ. ಹೆಂಡತಿಯೇ ಭಾವನಿಗೆ ಫೋನು ಮಾಡಿ, ಕಳ್ಳ ಕೀ ಮಾಡಿಕೊಂಡದ್ದರಿಂದ ಹಿಡಿದು ಒಂದೂ ಬಿಡದೆ ಹೇಳಿದಳು. ಆಮೇಲೆ ಕನ್ನಡಕದವ ಕೇಳಿದ್ದು ಒಂದೇ: “ನಿನ್ನನ್ನೂ ಕೇಳಿದ್ನೇನಮ್ಮಾ?” ಪೊಲೀಸು, ದೂರು ಅನ್ನುವ ಮಾತು ಅವನ ಬಾಯಲ್ಲಿ ಇವತ್ತಿನವರೆಗೂ ಬಂದಿಲ್ಲ. ಬೀಗದವ ಎರಡು ತಿಂಗಳು ಹಾಸಿಗೆ ಹಿಡಿದು ಎದ್ದ. ಈಗ ಯಾರಾದರೂ ಅಂಗಡಿ ತೋರಿಸಿ “ನಿಮ್ದಾ?” ಅಂದರೂ ಒಂದು ಗಳಿಗೆ ತಡವರಿಸುತ್ತಾನೆ. ಇದೆಲ್ಲ ನಡೆದದ್ದು. ಒಂದಕ್ಷರ ಸೇರಿಸಿಲ್ಲ, ಒಂದಕ್ಷರ ಬಿಟ್ಟಿಲ್ಲ.

ಅವಳು ಏನು ಮಾಡಿದಳು ಅನ್ನುವುದಷ್ಟೇ ಉಳಿದಿರುವುದು.

“ನಂದಲ್ಲಪ್ಪ” ಅಂದಳು. ಮದುವೆಮನೆಯಲ್ಲಿ ಹೇಳುವ ಹಾಗೆ, ನಾಲ್ಕು ಜನಕ್ಕೆ ಕೇಳುವ ಹಾಗೆ. “ಇವರದೂ ಅಲ್ಲ. ನಮ್ಮ ಭಾವಂದೂ ಅಲ್ಲ.”

“ಮತ್ತೆ... ಯಾರದು?”

“ನಿಮ್ದು. ಕೇಳದೆ ತಗೊಂಡಿದ್ದು ತಪ್ಪಾಯ್ತು.”

ಅವಳು ಗಾಡಿಯಿಂದ ಕೀ ಕಿತ್ತಳು. ಗಂಡನ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಒಂದು ಕೈಯಲ್ಲಿ ಅವನ ರಟ್ಟೆ ಹಿಡಿದು, ಇನ್ನೊಂದು ಕೈಯನ್ನು ಕತ್ತಲಿಗೆ ಚಾಚಿ, ಕೀಯನ್ನು ಬಾವಿಯ ಕಲ್ಲುಕಟ್ಟೆಯ ಮೇಲೆ ಬೀಳಬಿಟ್ಟಳು.

ಹಿತ್ತಾಳೆಯ ಕೀ, ಕಲ್ಲಿನ ಕಟ್ಟೆ. ಟಣ್ ಅನ್ನಬೇಕಿತ್ತು.

ಸದ್ದಾಗಲಿಲ್ಲ.