ಡ್ರಮ್ಮಿನ ಕಡೆಯ ಉತ್ತರ

"ಇವಳು ಮೋಟಾರು ಬಿಚ್ಚಬಹುದು. ವಾಪಸ್ ಜೋಡಿಸೋಕೆ ನನ್ನನ್ನೇ ಕರೀತಾಳೆ, ನೋಡ್ತಿರಿ" ಅಂದಿದ್ದ ಪಿಳ್ಳಮ್ಮನ ಭಾವ ನಂಜಪ್ಪ. ಬಾಗಲಗುಂಟೆಯ ಜಗಲಿಯ ಮೇಲೆ, ಹತ್ತು ಜನರ ಮುಂದೆ. ಅವಳು ಕರೆಯಲಿಲ್ಲ. ಬಿಡಿಭಾಗದ ಡಬ್ಬಿಗಳ ಮೇಲಿನ ಅಕ್ಷರ ಕೂಡಿಸಿ ಓದಲು ಕಲಿತಳು. ಪೀಣ್ಯದಲ್ಲಿ ದೋಣಿ ಮೋಟಾರು ರಿಪೇರಿಗೆ ಬಾಡಿಗೆ ಶೆಡ್ ಹಿಡಿದಳು.

ನಾನು ಹೇಳುವುದು ಆಮೇಲೆ, ಎಂಬತ್ತಮೂರರ ಒಂದು ರಾತ್ರಿಯ ಮಾತು. ಪಿಳ್ಳಮ್ಮ ನಮ್ಮ ಪಕ್ಕದ ಮನೆಯವಳು, ಅದಕ್ಕೇ ಗೊತ್ತು.

ರಾತ್ರಿ ಹತ್ತಾಗಿತ್ತು. ಶೆಡ್ಡಿಗೆ ಬೀಗ ಹಾಕಿ, ಕೆಲಸದ ಕೃಷ್ಣಮ್ಮನ ಜೊತೆ ಹಾಳು ಬಾವಿ ದಾಟುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಕೆರೆಯ ದೋಣಿಗೆ ಮೋಟಾರು ಕೊಡಬೇಕಿತ್ತು. ಮುಳುಗುವವರನ್ನು ಎತ್ತುವ ದೋಣಿ. ನೀರಿನಿಂದ ಜನ ಹತ್ತುವುದೇ ಮೋಟಾರಿನ ಪಕ್ಕದಲ್ಲಿ.

ಆಗ ಕೇಳಿಸಿತು... ಟುಕು ಟುಕು ಟುಕು. ನೀರಲ್ಲಿ ಮೂತಿಯಿಟ್ಟು ನಿಧಾನಕ್ಕೆ ಓಡುವ ಮೋಟಾರು. ಶೆಡ್ಡಿನ ಕಡೆಯಿಂದ.

"ಅಕ್ಕ... ಆಫ್ ಮಾಡಿದ್ವಲ್ಲ?"

"ಪೆಟ್ರೋಲ್ ಪೈಪೂ ಕಿತ್ತಿದ್ದೀನಿ."

ಸದ್ದು ನಿಂತಿತು. ಕೃಷ್ಣಮ್ಮ ಅವಳ ತೋಳು ಹಿಡಿದುಕೊಂಡಳು.

"ಬೈಬ್ಯಾಡ ಅಕ್ಕ... ಸಂಜೆ ನಾನು ನೋಡ್ಲೇ ಇಲ್ಲ. ಟಾರ್ಚ್ ಸೆಲ್ ಹೋಗಿತ್ತು. ಸುಮ್ನೆ 'ನಿಂತೈತೆ' ಅಂದ್ಬಿಟ್ಟೆ."

ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ನೀರು ತಳ್ಳುವ ಫ್ಯಾನು ಬಿಚ್ಚಿಟ್ಟು, ಮೋಟಾರನ್ನು ನೀರಿನ ಡ್ರಮ್ಮಿಗೆ ಬಿಗಿದು, ಒಬ್ಬರು ದೂರದಲ್ಲಿ ಗೇರಿನ ಲಿವರ್ ಹಿಡಿಯಬೇಕು. ಅದನ್ನು ನಡುವೆ ನಿಲ್ಲಿಸಿ "ನ್ಯೂಟ್ರಲ್" ಎನ್ನಬೇಕು. ಡ್ರಮ್ಮಿನ ಹತ್ತಿರದವರು, ನೀರೊಳಗೆ ಫ್ಯಾನು ತಿರುಗಿಸುವ ಶಾಫ್ಟ್ ನಿಂತದ್ದನ್ನು ಕಣ್ಣಾರೆ ಕಂಡು, "ನಿಂತೈತೆ" ಎನ್ನಬೇಕು. ಆಮೇಲೆ ಗೇರು. ವೇಗ ಕೊಡುವುದು ಕೊನೆಗೆ.

ಕಲಿಸಿದವನು ಬೀಡಿ ಸೇದಿ ಕೆಮ್ಮುತ್ತಿದ್ದ ಮುದುಕ ಮೆಕ್ಯಾನಿಕ್ ನರಸಪ್ಪ. ಎರಡು ವರ್ಷದ ಹಿಂದೆ ಪಿಳ್ಳಮ್ಮ ಅವಸರದಲ್ಲಿ ಫ್ಯಾನು ಬಿಚ್ಚಿರಲಿಲ್ಲ. ಅವನ ಉತ್ತರಕ್ಕೂ ಕಾಯದೆ ಲಿವರ್ ತಳ್ಳಿದ್ದಳು. ಅವನ ಬಲಗೈಯ ನಡುವಿನ ಮೂರು ಬೆರಳು ಹೋದವು. ಗಾಯ ನಂಜಾಗಿ ಒಂಬತ್ತನೇ ದಿನ ಅವನೂ ಹೋದ.

ಪಿಳ್ಳಮ್ಮ ಬಾವಿಯ ಹತ್ತಿರದಿಂದಲೇ ಶೆಡ್ಡಿಗೆ ಹಿಂದಿರುಗಿದಳು.

"ಬೆಳಿಗ್ಗೆ ನೋಡೋಣ ಅಕ್ಕ."

"ಬೆಳಿಗ್ಗೆ ಯಾರದೋ ಕಾಲು ಹೋಗುತ್ತೆ. ನಡಿ."

ಶೆಡ್ಡಿನ ಬೀಗ ಹಾಗೇ ಇತ್ತು. ಮೋಟಾರು ತಣ್ಣಗಿತ್ತು. ಕೃಷ್ಣಮ್ಮ ಬಾಗಿಲು ದಾಟಿ ಬರಲಿಲ್ಲ. ಪಿಳ್ಳಮ್ಮ ಲಾಟೀನು ಹಚ್ಚಿ, ಪೈಪು ಸಿಕ್ಕಿಸಿ, ಹಗ್ಗ ಎಳೆದಳು. ಟುಕು ಟುಕು... ಲಿವರಿನ ಹತ್ತಿರ ಹೋಗಿ ನಿಂತಳು.

"ನ್ಯೂಟ್ರಲ್." ರೂಢಿಯಿಂದ ಬಾಯಿಗೆ ಬಂತು, ಅಷ್ಟೇ. ಡ್ರಮ್ಮಿನ ಹತ್ತಿರ ಯಾರೂ ಇರಲಿಲ್ಲ.

ಡ್ರಮ್ಮಿನ ಕಡೆಯಿಂದ ಒಂದು ಬೀಡಿ ಕೆಮ್ಮು. ಆಮೇಲೆ ಪಿಸುಮಾತು...

"ತಿರುಗ್ತಾ ಐತೆ ಕಣವ್ವ."

ಅವಳು ಸ್ವಿಚ್ ಆರಿಸಿದಳು. ಪ್ಲಗ್ಗಿನ ವೈರ್ ಕಿತ್ತು, ನೀರಿಗೆ ಕೈ ಹಾಕಿ ಶಾಫ್ಟ್ ತಿರುಗಿಸಲು ನೋಡಿದಳು. ಲಿವರ್ ನಡುವೆಯೇ ಇತ್ತು. ಶಾಫ್ಟ್ ಮಾತ್ರ ಗೇರಿಗೆ ಕಚ್ಚಿಕೊಂಡಿತ್ತು. ಲಿವರಿನಿಂದ ಗೇರಿಗೆ ಹೋಗುವ ಕೇಬಲ್ಲಿನ ನಟ್ಟು ಸಡಿಲವಾಗಿತ್ತು.

ಲಾಟೀನು ಎತ್ತಿದಾಗ ಡ್ರಮ್ಮಿನ ಅಂಚಿನಲ್ಲಿ ಒದ್ದೆ ಕೈಗುರುತು ಕಂಡಿತು. ಹೆಬ್ಬೆರಳು. ಕಿರುಬೆರಳು. ನಡುವೆ ಏನಿಲ್ಲ.

ನಟ್ಟು ಬಿಗಿದ ಮೋಟಾರು ಆರಕ್ಕೆ ಸರಿಯಾಗಿ ದೋಣಿಗೆ ಹೋಯಿತು.

ಈಗ ಪಿಳ್ಳಮ್ಮನಿಗೆ ಸ್ವಂತ ಶೆಡ್ಡಿದೆ, ಎರಡು ಲೇತು, ಆರು ಡ್ರಮ್ಮು. ಅದಕ್ಕೆ ತೆತ್ತದ್ದು ನರಸಪ್ಪನನ್ನು. ಅವಳೇ ಹಾಗೆ ಹೇಳುತ್ತಾಳೆ. ನಂಬದಿದ್ದರೆ ಬಿಡಿ, ನಡೆದದ್ದು ನಡೆದದ್ದೇ. ಆ ಡ್ರಮ್ಮಿಗೆ ಈಗ ನೀರು ತುಂಬುವುದಿಲ್ಲ. ಹೋದ ಬೇಸಿಗೆಯಲ್ಲಿ ನಾನೇ ಮುಟ್ಟಿ ನೋಡಿದೆ. ಅಂಚಿನ ಆ ಎರಡು ಜಾಗ ಒದ್ದೆಯಾಗಿತ್ತು.