ಬಾಯಿ ಹೊಲಿದ ಜೇಬು

ಅಂಚೆ ಕಚೇರಿಯ ಸಾಲಿನಲ್ಲಿ ಮುದಿ ದರ್ಜಿಯ ಮುಂದೆ ಅತ್ತಿಗೆ ನಾದಿನಿಯರಿಬ್ಬರು ಪಾರ್ಸೆಲ್ ಬಿಚ್ಚುತ್ತಿದ್ದರು. ಒಳಗೊಂದು ಬಟ್ಟೆಚೀಲ, ಒಂದು ಚೀಟಿ.

“ಅತ್ತಿಗೆ, ನೀವು ಹೊಲಿದು ಕಳಿಸಿದ್ದ ಚೀಲಕ್ಕೆ ಬದಲು ಬಂದಿದೆ!”

“ಅದರ ಜೇಬಿನ ಬಾಯೇ ಹೊಲಿದುಬಿಟ್ಟಿದ್ದೆ ಕಣೇ. ಅಂಚೆಗೆ ಹಾಕಿದ್ಮೇಲೆ ಗೊತ್ತಾಯ್ತು. ಮುಖ ನೋಡದವರ ಮುಂದೆ ಮಾನ ಹೋಯ್ತು, ಇನ್ನು ಅಂಚೇಲಿ ಈ ಚೀಲಗಳ ಅದಲುಬದಲೇ ಬೇಡ ಅಂದ್ಕೊಂಡಿದ್ದೆ.”

“ನಿಮ್ಮ ಹಿತ್ತಾಳೆ ಗುಂಡಿಗಳೂ ಅದರೊಳಗೇ ಹೋದ್ವು. ಗೂಬೆ ಕೂರಿಸಿದ್ದು ಮಾತ್ರ ನನ್ನ ಮೇಲೆ.”

“ತಪ್ಪಾಯ್ತು ಮಾರಾಯ್ತಿ. ಚೀಟಿ ಓದು.”

“‘ಹೊಲಿದ ಜೇಬಲ್ಲಿ ಏನೋ ಗಲಗಲ ಅನ್ನುತ್ತೆ. ನಿಮ್ಮ ಕಡೆಯ ಪದ್ಧತಿ ಇರಬೇಕೆಂದು ಬಿಚ್ಚಲಿಲ್ಲ. ದಿನಾ ಅಲ್ಲಾಡಿಸಿ, ಒಳಗೇನಿದೆ ಅಂತ ಮನೆಮಂದಿಯೆಲ್ಲ ಊಹಿಸುತ್ತೇವೆ. ನಮ್ಮದನ್ನೂ ಹಾಗೇ ಹೊಲಿದಿದ್ದೇವೆ.’”

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾದಿನಿ ಹೊಸ ಚೀಲವನ್ನು ಕಿವಿಯ ಬಳಿ ಅಲ್ಲಾಡಿಸಿದಳು. ಗಲಗಲ!

“ಕತ್ತರಿ ಬೇಕಾ?” ಎಂದ ಗುಮಾಸ್ತ.

“ಬೇಡಪ್ಪಾ! ಅವರು ಬಿಚ್ಚೋ ತನಕ ನಾವೂ ಬಿಚ್ಚಲ್ಲ.”

ಇಬ್ಬರೂ ಚೀಲ ಅಲ್ಲಾಡಿಸುತ್ತ ಮೆಟ್ಟಿಲಿಳಿದರು. ಮರದ ಗುಂಡಿಗಳು, ಆರು: ಸದ್ದಿನಲ್ಲೇ ದರ್ಜಿಗೆ ಗೊತ್ತಾಗಿಹೋಗಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವನು ಬಾಯಿಗೆ ಹೊಲಿಗೆ ಹಾಕಿಕೊಂಡ.